ಮಣ್ಣಿನ ರಜೆ

ಗಜೇಂದ್ರಗಡದ ಕರೆಪ್ಪ ಸಾವುಕಾರರ ಹಾಸಿಗೆ-ಗಾದಿ ಕಾರಖಾನೆಯಲ್ಲಿ ಮದುವೆಗೆ ರಜೆ ಕೇಳಿದರೆ ಮುಖ ಸಿಂಡರಿಸುತ್ತಿದ್ದರು, ಹಬ್ಬಕ್ಕೆ ಕೇಳಿದರೆ ಅರ್ಧ ದಿನ ಬಿಡುತ್ತಿದ್ದರು, ಜ್ವರಕ್ಕೆ ಕೇಳಿದರೆ ಮೇಜಿನ ಖಾನೆಯಿಂದ ಗುಳಿಗೆ ತೆಗೆದು ಕೊಡುತ್ತಿದ್ದರು. ಆದರೆ ಮಣ್ಣಿಗೆ ಹೋಗಬೇಕೆಂದರೆ ಮಾತ್ರ ಮರುಮಾತಿಲ್ಲ. ಮಣ್ಣಿಗೆ ಹೋಗುವುದೆಂದರೆ ಈ ಸೀಮೆಯಲ್ಲಿ ಸತ್ತವರನ್ನು ಹೂಳುವಾಗ ಇದ್ದು, ಒಂದು ಹಿಡಿ ಮಣ್ಣು ಹಾಕಿ ಬರುವುದು. ಸತ್ತವರು ಯಾವ ಜಾತಿ, ಎಷ್ಟು ದೂರದ ಬಳಗ ಎಂದು ಕರೆಪ್ಪನವರು ಕೇಳುತ್ತಿರಲಿಲ್ಲ. ಹೊಲಿಯುತ್ತಿದ್ದ ಗಾದಿಯನ್ನು ಅಲ್ಲಿಯೇ ಬಿಟ್ಟು ಏಳಬಹುದಾಗಿತ್ತು.

ಇದಕ್ಕೊಂದು ಕಾರಣವಿತ್ತು. ಕರೆಪ್ಪನವರೇನು ಹುಟ್ಟು ಸಾವುಕಾರರಲ್ಲ, ಕಂಬಳಿ ನೇಯುವವರ ಮಗ. ಹರೆಯದಲ್ಲಿ ನರಗುಂದದ ಕಡೆ ಒಂದು ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದಾಗ ಅಪ್ಪ ತೀರಿದ ಸುದ್ದಿ ಬಂತು. ಮುಕಾದಮ, ಪಾಳಿ ಮುಗಿಸಿ ಹೋಗು ಎಂದ. ಪಾಳಿ ಮುಗಿಸಿ, ಸಿಕ್ಕ ಲಾರಿ ಹತ್ತಿ ಊರು ಮುಟ್ಟಿದಾಗ ಕುಣಿ ಮುಚ್ಚಿ, ಮೇಲೆ ನೀರು ಚಿಮುಕಿಸಿ, ಮಂದಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಅಂದು ಅವರು ಅಂದುಕೊಂಡರಂತೆ, ನನ್ನ ಕೈಕೆಳಗೆ ನಾಲ್ಕು ಮಂದಿ ದುಡಿಯುವ ಕಾಲ ಬಂದರೆ ಯಾರಿಗೂ ಹೀಗಾಗಗೊಡುವುದಿಲ್ಲ ಎಂದು. ಮುಂದೆ ನಾಲ್ಕಲ್ಲ, ಹನ್ನೆರಡು ಮಂದಿ ದುಡಿಯತೊಡಗಿದರು. ಸಾವುಕಾರರು ಮಾತು ಉಳಿಸಿಕೊಂಡರು. ಒಳ್ಳೆಯ ಮನುಷ್ಯರು, ಸುಳ್ಳಲ್ಲ. ಆದರೆ ತಾವು ಅತ್ತ ಜಾಗದಲ್ಲಿ ಮಾತ್ರ ಮಂದಿ ಅಳುತ್ತಾರೆ ಎಂದು ತಿಳಿಯುವುದು ಒಳ್ಳೆಯವರಿಗೂ ಇರುವ ಒಂದು ರೋಗ.

ಆ ಹನ್ನೆರಡು ಮಂದಿಯಲ್ಲಿ ದಾದಾಪೀರನೊಬ್ಬ. ನಲವತ್ತೆಂಟರ ಆಳು, ಮಿತಭಾಷಿ. ನದಾಫರ ಮನೆತನ, ಮನೆಮಾತು ಕನ್ನಡವೇ. ಅಪ್ಪ ಜಂಗ್ಲಿಸಾಬ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಲಕ್ಕಲಕಟ್ಟಿ, ಮುಶಿಗೇರಿ ಎಂದು ಊರೂರು ತಿರುಗಿ, ಕಟ್ಟೆಯ ಮೇಲೆ ಕುಳಿತು ಮಂದಿಗೆ ಗಾದಿ ಮಾಡಿಕೊಟ್ಟವನು. ಅವ್ವ ಕಾಶೀಂಬಿ ಅವನ ಹಿಂದೆಯೇ ನಡೆದು, ಅವನು ಹಿಂಜಿದ ಅರಳೆಯನ್ನು ಗವಸಿಗೆ ತುಂಬಿದವಳು. ಈಗ ಬಿಲ್ಲು ಹೋಗಿ ಮಿಷನ್ನು ಬಂದಿದೆ. ಆ ಮಿಷನ್ನು ನಡೆಸುವವನೂ ದಾದಾಪೀರನೇ, ಗಾದಿಗೆ ದಬ್ಬಣ ಚುಚ್ಚಿ ಗಂಟು ಹಾಕುವವನೂ ಅವನೇ. ಅವನು ಹಾಕಿದ ಗಂಟು ಎಷ್ಟು ಜಗ್ಗಿದರೂ ಸಡಿಲಾಗದು. ಬಿಚ್ಚುವುದು ಗೊತ್ತಿದ್ದವನಿಗೆ ಮಾತ್ರ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು.

ಹೆಂಡತಿ ಗುಲ್ಷನ ಕಾಮಾಲೆಯಾಗಿ ತೀರಿ ಆರು ವರ್ಷ. ಒಬ್ಬಳೇ ಮಗಳು ತಬಸ್ಸುಮಳನ್ನು ನರಗುಂದಕ್ಕೆ ಕೊಟ್ಟಾಗಿದೆ. ಮನೆಯಲ್ಲಿ ಉಳಿದವರು ತಾಯಿ ಮಗ ಇಬ್ಬರೇ.

ಕಾಶೀಂಬಿಗೆ ಮರೆವು ಶುರುವಾದದ್ದು ಮೂರು ವರ್ಷದ ಹಿಂದೆ. ಮೊದಲು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ಒಲೆ ಮರೆತಳು, ಓಣಿ ಮರೆತಳು, ಗುಲ್ಷನ ಸತ್ತದ್ದನ್ನು ಮರೆತು ಸೊಸೆಯನ್ನು ಕೂಗಿದಳು. ಮರೆಯದೆ ಉಳಿದದ್ದು ಬೆನ್ನಿಗೆ ಬಿದ್ದ ತಂಗಿ ಮುನೀರಾ ಒಬ್ಬಳೇ. ಆಕೆಯನ್ನು ಹೊಳೆಆಲೂರಿಗೆ ಕೊಟ್ಟಿತ್ತು. ಚಿಕ್ಕಂದಿನಲ್ಲಿ ಒಂದೇ ಗಾದಿಯ ಮೇಲೆ ಮಲಗಿ ಬೆಳೆದವರು. ಕಾಶೀಂಬಿ ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು, ಮಗ ಕೆಲಸಕ್ಕೆ ಹೋದದ್ದೇ ತಡ, ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದಳು. "ಎಲ್ಲಿಗೆ ಹೊಂಟೀಬೇ ಯವ್ವಾ?" ಎಂದು ಕೇಳಿದವರಿಗೆ, "ನಮ್ಮ ಮುನ್ನಿ ಕಡೆ. ಹೊಳೆಆಲೂರ ಬಸ್ ಬಂತೇನು ನೋಡ" ಎನ್ನುತ್ತಿದ್ದಳು. ಮೂರು ಸಲ ಯಾರೋ ಗುರುತು ಹಿಡಿದು ಮನೆಗೆ ತಂದು ಬಿಟ್ಟರು. ನಾಲ್ಕನೆಯ ಸಲ ಸಿಕ್ಕದ್ದು ಊರ ಹೊರಗೆ, ಲಾರಿಗಳು ಓಡಾಡುವ ರಸ್ತೆಯ ನಟ್ಟನಡುವೆ.

ಅಂದು ದಾದಾಪೀರ ಹೆಂಡತಿಯ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹರಿದ. ಒಂದು ತುದಿಯನ್ನು ಮಂಚದ ಕಾಲಿಗೆ, ಇನ್ನೊಂದನ್ನು ಅವ್ವನ ಕಾಲಿಗೆ ಕಟ್ಟಿದ. ಉದ್ದವನ್ನು ಅಳೆದೇ ಹರಿದಿದ್ದ. ನೀರಿನ ಕೊಡ ಮುಟ್ಟಬೇಕು, ಬಚ್ಚಲು ಮುಟ್ಟಬೇಕು, ಹೊಸ್ತಿಲು ಮುಟ್ಟಬಾರದು. ಗಾದಿಗೆ ಹಾಕುವ ಅದೇ ಗಂಟು. ಕಾಶೀಂಬಿ ಅವನ ತಲೆಯ ಮೇಲೆ ಕೈಯಿಟ್ಟು, ಸಿಟ್ಟಿಲ್ಲದೆ ಕೇಳಿದಳು, "ನಾ ಏನ್ ಆಕಳೇನೋ ದಾದಾ?"

ಅವನು ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದ. ಕೆಲಸಕ್ಕೆ ಹೊತ್ತಾಗಿತ್ತು, ಎದ್ದು ಹೋದ.

ಕಾರಖಾನೆಯಲ್ಲಿ ಮಧ್ಯಾಹ್ನದ ಬಿಡುವು ಅರ್ಧ ಗಂಟೆ. ಎಲ್ಲರೂ ಅಲ್ಲಿಯೇ ಬುತ್ತಿ ಬಿಚ್ಚಬೇಕು. ದಾದಾಪೀರನ ಮನೆ ಊರ ಆ ತುದಿಗೆ, ಹೋಗಿ ಬರುವುದಕ್ಕೇ ಅರ್ಧ ಗಂಟೆ ಬೇಕು. ಅವನಿಗೆ ಬೇಕಾದದ್ದು ಬಹಳವೇನಲ್ಲ. ಮಧ್ಯಾಹ್ನ ಎರಡು ತಾಸು ಬಿಟ್ಟರೆ ಮನೆಗೆ ಹೋಗಿ ಆ ಗಂಟು ಬಿಚ್ಚಬೇಕು, ಅವ್ವನನ್ನು ತೊಳೆದು, ತುತ್ತು ತಿನ್ನಿಸಿ, ಅಂಗಳದಲ್ಲಿ ಸ್ವಲ್ಪ ನಡೆಸಾಡಬೇಕು. ಹಗಲೆಲ್ಲ ಕಟ್ಟಿಹಾಕಿಸಿಕೊಂಡ ತಾಯಿಗೆ ಮಧ್ಯದಲ್ಲಿ ಎರಡು ತಾಸು ಮನುಷ್ಯಳಾಗಿ ಇರಲು ಸಿಗಬೇಕು. ಇಷ್ಟನ್ನು ಕೇಳಲು ಅವನು ಒಂದು ವಾರ ಧೈರ್ಯ ಕೂಡಿಸಿದ.

"ಸಾವಕಾರ್ರ, ಅವ್ವಗ ಆರಾಮಿಲ್ರಿ. ಮಧ್ಯಾಹ್ನ ಎರಡ ತಾಸ ಬಿಟ್ರ ಹೋಗಿ ನೋಡಿ ಬರ್ತಿದ್ನಿ. ಸಂಜೀಕ ಕುಂತ ಕೆಲಸ ಮುಗಿಸ್ತೀನ್ರಿ."

ಕರೆಪ್ಪನವರು ಹಾಸ್ಟೆಲ್ಲಿಗೆ ಹೋಗಬೇಕಾದ ಗಾದಿಗಳನ್ನು ಎಣಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು, "ಏನಾಗೇತಿ?"

"ಮರವ ಐತ್ರಿ. ವಯಸ್ಸಾಗೇತಲ್ರಿ."

"ಮನ್ಯಾಗ ಹೆಣ್ಮಕ್ಕಳು ಯಾರೂ ಇಲ್ಲೇನು?"

"ಇಲ್ರಿ."

"ಮಗಳನ್ನ ಕರಕೊಂಡ ಬಾ."

"ಆಕೀದು ಹಸಗೂಸ ಐತ್ರಿ. ಅತ್ತಿ ಮನಿ ಬ್ಯಾರೆ."

ಸಾವುಕಾರರು ಉಸಿರು ಬಿಟ್ಟರು. "ದಾದಾಪೀರ, ನಿನಗ ಬಿಟ್ರ ನಾಳೆ ಹನ್ನೆರಡೂ ಮಂದಿ ಕೇಳ್ತಾರ. ಮಿಷನ್ ಯಾರು ನಡಸೋರು? ಜಡ್ಡು ಯಾರ ಮನ್ಯಾಗಿಲ್ಲ ಹೇಳು. ದಿನಾ ಸಾಯೋರಿಗೆ ಅಳೋರ್ಯಾರು ತಮ್ಮಾ?"

ಗಾದೆ ಮಾತು, ಎಲ್ಲರೂ ಆಡುವಂಥದ್ದು. ಕೆಟ್ಟ ಮನಸ್ಸಿನಿಂದ ಆಡಿದ್ದೂ ಅಲ್ಲ. ದಾದಾಪೀರ "ಹೌದ್ರಿ" ಎಂದು ಮಿಷನ್ನಿನ ಕಡೆಗೆ ಹೋದ. ಹೆತ್ತ ತಾಯಿಯ ಮೈ ತೊಳೆಯುವವನು ನಾನೇ, ಅವಳ ಸೀರೆ ಬದಲಿಸುವವನು ನಾನೇ, ನಾನು ಬರುವ ತನಕ ಅವಳು ಒದ್ದೆಯಲ್ಲೇ ಕುಳಿತಿರುತ್ತಾಳೆ ಎಂದು ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ಗಂಡಸು ಇಂಥದ್ದನ್ನು ನಾಲ್ಕು ಮಂದಿಯೆದುರು ಹೇಗೆ ಹೇಳಿಯಾನು? ಕೇಳಿದ್ದು ಅದೊಂದೇ ಸಲ. ಮತ್ತೆ ಕೇಳಲಿಲ್ಲ.

ಮೊದಲ ಸುಳ್ಳು ತಾನಾಗಿಯೇ ಬಾಯಿಂದ ಬಂತು. ಮಳೆಗಾಲದ ಒಂದು ಬೆಳಿಗ್ಗೆ ಕಾಶೀಂಬಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಮಗನ ಅಂಗಿಯ ತುದಿ ಹಿಡಿದುಕೊಂಡು ಬಿಡಲೊಲ್ಲಳು. ಕಾರಖಾನೆಯಿಂದ ಫೋನು ಬಂತು, ಯಾಕೆ ಇನ್ನೂ ಬಂದಿಲ್ಲ ಎಂದು. ದಾದಾಪೀರ ಬಾಯಿ ತೆರೆದ. "ಲಕ್ಕಲಕಟ್ಟಿ ದೊಡ್ಡಪ್ಪ ಹೋದ್ರಿ. ಮಣ್ಣಿಗೆ ಹೋಗಬೇಕು."

"ಅಯ್ಯ, ಹೋಗಿ ಬಾ ತಮ್ಮಾ, ಹೋಗಿ ಬಾ" ಎಂದರು ಕರೆಪ್ಪನವರು. "ಇಲ್ಲಿದೇನೂ ಹಚ್ಚಿಕೊಬ್ಯಾಡ."

ಲಕ್ಕಲಕಟ್ಟಿಯ ದೊಡ್ಡಪ್ಪ ತೀರಿ ಹನ್ನೊಂದು ವರ್ಷವಾಗಿತ್ತು.

ಆ ದಿನವನ್ನು ದಾದಾಪೀರ ಕೊನೆಯ ತನಕ ಮರೆಯಲಿಲ್ಲ. ಅವ್ವನಿಗೆ ಗುಳಿಗೆ ನುಂಗಿಸಿದ. ಮಧ್ಯಾಹ್ನಕ್ಕೆ ಜ್ವರ ಇಳಿಯಿತು. ಬಿಸಿನೀರು ಕಾಯಿಸಿ ಒರೆಸಿದ, ತಲೆಗೆ ಎಣ್ಣೆ ಹಚ್ಚಿ ಬಾಚಿದ, ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಿಸಿದ. ಮೋಡ ಸರಿದು ಬಿಸಿಲು ಬಿದ್ದಾಗ ಅಂಗಳದಲ್ಲಿ ಕೂರಿಸಿದ. ಕಾಲಿಗೆ ಏನೂ ಇರಲಿಲ್ಲ. ಕಾಶೀಂಬಿ ಬಿಸಿಲಿಗೆ ಅಂಗಾಲು ಚಾಚಿ, "ಇವತ್ತ ಐತಾರೇನೋ? ನೀ ಮನ್ಯಾಗ ಅದಿ" ಎಂದಳು. ಭಾನುವಾರ ಮಾತ್ರ ಅವನು ಹಗಲು ಮನೆಯಲ್ಲಿರುತ್ತಿದ್ದ.

"ಹೌದಬೇ, ಐತಾರ."

"ದಿನಾ ಐತಾರ ಆದ್ರ ಚಲೋ ನೋಡ."

ಅದಾದ ಮೇಲೆ ಮುಶಿಗೇರಿಯ ಅತ್ತೆ ಸತ್ತಳು, ರೋಣದಲ್ಲಿ ಹೆಂಡತಿಯ ಸೋದರಮಾವ ಆಶಿಕಸಾಬರು ಸತ್ತರು, ಅವರ ಹಿಂದೆಯೇ ಅವರ ಹೆಂಡತಿಯೂ ಸತ್ತಳು. ಇವರೆಲ್ಲ ಹಿಂದೆಯೇ ಸತ್ತವರು. ಸತ್ತವರು ಇನ್ನೊಂದು ಸಲ ಸತ್ತರೆ ಯಾರ ಗಂಟೇನು ಹೋಯಿತು ಎಂದು ದಾದಾಪೀರ ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಂಟು ತಿಂಗಳಲ್ಲಿ ನಾಲ್ಕು ಮಣ್ಣು. ಪ್ರತಿ ಮಣ್ಣಿಗೂ ಅವ್ವನಿಗೆ ಒಂದು ಐತಾರ. ಜತೆಗೆ ಮಿಷನ್ನಿನಲ್ಲಿ ಕೈಜೋಡಿಸುವ ದುರಗೇಶ, "ಏನ್ ಅಣ್ಣಾ, ನಿಮ್ಮ ಬಳಗದಾಗ ಈ ವರ್ಷ ಸುಗ್ಗಿ ಜೋರೈತಿ" ಎಂದು ಚೇಷ್ಟೆ ಮಾಡಿದ. ದಾದಾಪೀರ ನಗಲಿಲ್ಲ. ಅವನ ಚಿಂತೆಯೇ ಬೇರೆಯಿತ್ತು. ಸತ್ತವರು ಮುಗಿಯುತ್ತ ಬಂದಿದ್ದರು.

ಮದುವೆಯ ಹಂಗಾಮು ಬಂತು. ಕಾರಖಾನೆಯಲ್ಲಿ ಗಾದಿಗಳು ಆಳೆತ್ತರ ಬಿದ್ದವು. ಅದೇ ಹೊತ್ತಿಗೆ ಕಾಶೀಂಬಿಯ ಕಾಲು ಬಾತಿತು. ಬಟ್ಟೆ ಕಟ್ಟಿದ ಜಾಗದಲ್ಲಿ ತೊಗಲು ಸುಲಿದು, ಸುತ್ತಲೂ ಕೆಂಪಾಗಿ, ಮುಟ್ಟಿದರೆ ಚೀರುತ್ತಿದ್ದಳು. ದವಾಖಾನೆಗೆ ಒಯ್ಯಲೇಬೇಕು, ಎರಡು ಮೂರು ದಿನ ಕಟ್ಟದೆ ಬಿಡಲೇಬೇಕು. ದಾದಾಪೀರ ಕೈಯಲ್ಲಿ ಫೋನು ಹಿಡಿದು ಹೊಸ್ತಿಲ ಮೇಲೆ ಕುಳಿತ. ಅಪ್ಪನ ಕಡೆಯವರನ್ನು ನೆನೆದ, ಹೆಂಡತಿಯ ಕಡೆಯವರನ್ನು ನೆನೆದ. ಹೇಳಲು ಸತ್ತವರೊಬ್ಬರೂ ಉಳಿದಿರಲಿಲ್ಲ.

"ಸಾವಕಾರ್ರ, ಹೊಳೆಆಲೂರಾಗ ನಮ್ಮ ಚಿಗವ್ವ ಹೋದ್ಲ್ರಿ. ಮುನೀರಾ ಅಂತ."

ಈ ಸಲ ಬಾಯಿಂದ ಬಂದದ್ದು ಬದುಕಿದವಳ ಹೆಸರು. ಅತ್ತ ಕಡೆ ಕರೆಪ್ಪನವರ ದನಿ ಮೆತ್ತಗಾಗಿತ್ತು. "ನಿಮ್ಮವ್ವನ ಒಡಹುಟ್ಟಿದಾಕಿ ಅಲ್ಲೇನು? ಅಲ್ಲೇ ಇದ್ದು, ಮೂರನೇ ದಿನದ ಜಿಯಾರತ ಮುಗಿಸಿಕೊಂಡ ಬಾ."

ದವಾಖಾನೆಯಲ್ಲಿ ಡಾಕ್ಟರು ಗಾಯ ನೋಡಿ, ಇದೇನು ಕಟ್ಟಿದ್ದಿರಿ ಎಂದು ಕೇಳಿದರು. ಕಾಲುಗಡಗ ಒತ್ತಿದೆ ಎಂದ ದಾದಾಪೀರ. ಒಂದು ಸುಳ್ಳಿನ ಹಿಂದೆ ಇನ್ನೊಂದು ಬರಲು ದಾರಿ ಕೇಳುವುದಿಲ್ಲ.

ಮೂರನೆಯ ದಿನ ಸಂಜೆ ಮುಲಾಮು ಮುಗಿದಿತ್ತು. ಔಷಧಿ ಅಂಗಡಿ ಹತ್ತೇ ನಿಮಿಷದ ದಾರಿ. ಹತ್ತು ನಿಮಿಷಕ್ಕೇನು ಎಂದು ದಾದಾಪೀರ ಅವ್ವನ ಇನ್ನೊಂದು ಕಾಲನ್ನು, ಸಡಿಲಾಗಿ, ಕಟ್ಟಿ ಹೋದ. ಬಾಗಿಲು ಮುಂದೆ ಮಾಡಿದ, ಚಿಲಕ ಹಾಕಲಿಲ್ಲ.

ಇಲ್ಲಿ ಆದದ್ದನ್ನು ಯಾರ ತಪ್ಪು ಎನ್ನುವುದು? ಹತ್ತಿರದ ಬಳಗದವರು ಸತ್ತರೆ ಮನೆಗೆ ಹೋಗಿ ಮಾತಾಡಿಸಿ ಬರುವುದು ಪದ್ಧತಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗುವುದೂ ಪದ್ಧತಿ. ಕರೆಪ್ಪನವರು ಪದ್ಧತಿ ಬಿಟ್ಟವರಲ್ಲ. ಜಿಯಾರತ ಮುಗಿಸಿ ದಾದಾಪೀರ ಬಂದಿರುತ್ತಾನೆಂದು, ಮನೆಯಲ್ಲಿ ಹೇಳಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿ, ದುರಗೇಶನನ್ನೂ ಗವಸು ಹೊಲಿಯುವ ದೇವಿಕಾಳನ್ನೂ ಕರೆದುಕೊಂಡು, ಕೇಳುತ್ತ ಕೇಳುತ್ತ ದಾದಾಪೀರನ ಓಣಿಗೆ ಬಂದರು. ಬಾಗಿಲು ತಳ್ಳಿದರು. ಮಂಚದ ಮೇಲೆ ಮುದುಕಿ ಕುಳಿತಿದ್ದಳು. ಒಳಗೆ ಮಬ್ಬುಗತ್ತಲೆ, ಕಾಲಿನ ಮೇಲೆ ಸೀರೆಯ ನೆರಿಗೆ ಬಿದ್ದಿತ್ತು.

ಕರೆಪ್ಪನವರು ಮಂಚದ ಬದಿಗೆ ಕುಳಿತು ಅವಳ ಕೈ ಹಿಡಿದುಕೊಂಡರು. "ಏನ್ ಮಾಡೂದಬೇ ಯವ್ವಾ, ಹೋಗೋರು ಹೋದ್ರು. ಬೆನ್ನಿಗೆ ಬಿದ್ದಾಕಿ ನಿನಕಿಂತ ಮೊದ್ಲ ಹೋದ್ಲು."

"ಯಾರು?" ಎಂದಳು ಕಾಶೀಂಬಿ.

"ನಿನ್ನ ತಂಗಿಬೇ. ಹೊಳೆಆಲೂರ ಮುನೀರವ್ವ. ಮೂರ ದಿನ ಆತಲ್ಲ. ನಿನಗ ಮಣ್ಣಿಗೆ ಹೋಗಾಕೂ ಆಗಲಿಲ್ಲ."

ಮೂರು ವರ್ಷದಿಂದ ಒಂದು ಮಾತೂ ನಿಲ್ಲದ ಆ ತಲೆಯಲ್ಲಿ ಈ ಮಾತು ಹೋಗಿ ಕುಳಿತುಬಿಟ್ಟಿತು. ಕಾಶೀಂಬಿ ಎದೆಗೆ ಎರಡೂ ಕೈ ಬಡಿದುಕೊಂಡು ದನಿ ತೆಗೆದಳು. "ನನ್ನ ಮುನ್ನೀ… ದಿನಾ ನಿನ್ನ ಬಸ್ಸಿನ ದಾರಿ ನೋಡಿದ್ನೆಲ್ಲವ್ವಾ… ನನ್ನ ಬಿಟ್ಟು ಹ್ಯಾಂಗ ಹ್ವಾದ್ಯವ್ವಾ ನನ್ನ ಕೂಸೇ…" ಹಾಡಿಕೊಂಡು ಅತ್ತಳು. ದೇವಿಕಾಳೂ ಅತ್ತಳು. ಕರೆಪ್ಪನವರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು.

ಓಣಿಯ ತಿರುವಿನಲ್ಲೇ ದಾದಾಪೀರನಿಗೆ ಅವ್ವನ ದನಿ ಕೇಳಿತು. ಬಿದ್ದಳೆಂದುಕೊಂಡು ಓಡಿಬಂದ. ಬಾಗಿಲಲ್ಲಿ ಸಾವುಕಾರರ ಚಪ್ಪಲಿ ಕಂಡವು, ಅವ್ವನ ಅಳುವಿನಲ್ಲಿ ಮುನ್ನಿಯ ಹೆಸರು ಕೇಳಿತು. ಒಳಗೆ ಹೋಗಿ ಅವ್ವನ ಎದುರು ಮೊಳಕಾಲೂರಿದ.

"ಯವ್ವಾ, ಚಿಗವ್ವ ಸತ್ತಿಲ್ಲಬೇ. ಖರೇ ಹೇಳ್ತೀನಿ. ಸುಳ್ಳಬೇ ಅದು, ನಾ ಸುಳ್ಳ ಹೇಳೀನಿ."

ಕಾಶೀಂಬಿ ಅವನ ಗಲ್ಲ ಸವರಿದಳು. "ನನಗ ಸಂಕಟ ಆಗಬಾರದಂತ ಹಂಗಂತಿ. ಶಾಣ್ಯಾ ಅದಿ ನನ ಮಗನ" ಎಂದು ಇನ್ನಷ್ಟು ಅತ್ತಳು.

ಕರೆಪ್ಪನವರು ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. "ಸುಳ್ಳೇನು? ಮಣ್ಣಿನ ಹೆಸರ್ಲೆ ಸುಳ್ಳೇನು ದಾದಾಪೀರ?" ಎಂದರು. ಆಗ ಕಾಶೀಂಬಿ ಮಂಚದಿಂದ ಇಳಿಯಲು ಹೋದಳು, ಸೀರೆ ಸರಿಯಿತು. ಒಂದು ಕಾಲಿಗೆ ಬಿಳಿಯ ಪಟ್ಟಿ, ಇನ್ನೊಂದಕ್ಕೆ ಹಳದಿ ಸೀರೆಯ ಚೂರು. ಆ ಗಂಟನ್ನು ಕರೆಪ್ಪನವರು ಗುರುತು ಹಿಡಿದರು. ದಿನವೂ ತಮ್ಮ ಗಾದಿಗಳ ಮೇಲೆ ನೋಡುವ ಗಂಟು.

ಸಾವುಕಾರರು ಸಣ್ಣ ದನಿಯಲ್ಲಿ ಕೇಳಿದರು, "ಇದನ್ನ ನನಗ ಯಾಕ ಹೇಳಲಿಲ್ಲೋ?"

"ಹೇಳಿದ್ನ್ರಿ" ಎಂದ ದಾದಾಪೀರ. "ಒಂದ ಸಲ."

ಕರೆಪ್ಪನವರು ಬುತ್ತಿಯನ್ನು ಒಲೆಯ ಹತ್ತಿರ ಇಟ್ಟು ಹೊರಗೆ ನಡೆದರು.

ಮರುದಿನ ದಾದಾಪೀರ ಕೆಲಸ ಹೋಯಿತೆಂದೇ ತಿಳಿದು ಕಾರಖಾನೆಗೆ ಬಂದ. ಸಾವುಕಾರರು ಮಿಷನ್ನು ನಿಲ್ಲಿಸಿ ಎಲ್ಲರನ್ನೂ ಅರಳೆಯ ರಾಶಿಯ ಮುಂದೆ ಕೂರಿಸಿದರು. "ನಿಮ್ಮ ನಿಮ್ಮ ಮನ್ಯಾಗ ಮಂಚ ಹಿಡದೋರು ಯಾರದಾರ, ಹೇಳ್ರಿ" ಎಂದರು. ದೇವಿಕಾ, ಅತ್ತೆಗೆ ಲಕ್ವಾ ಹೊಡೆದು ಎರಡು ವರ್ಷ ಎಂದಳು. ದುರಗೇಶನ ಅಜ್ಜನಿಗೆ ಕಣ್ಣು ಕಾಣದು. ಹನ್ನೆರಡರಲ್ಲಿ ನಾಲ್ಕು ಮನೆ. ಈ ಮಂದಿಯ ಸತ್ತವರ ಹೆಸರೆಲ್ಲ ಕರೆಪ್ಪನವರಿಗೆ ಬಾಯಿಪಾಠವಿತ್ತು, ನರಳುವವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.

"ಮಣ್ಣಿಗೆ ಒಂದ ದಿನ ಸಾಕು. ಮಂಚಕ್ಕ ದಿನಾ ಬೇಕು. ಇಷ್ಟು ತಿಳೀಲಿಲ್ಲ ನನಗ" ಎಂದರು. ಮನೆಯಲ್ಲಿ ಇಂಥವರಿದ್ದವರು ಮಧ್ಯಾಹ್ನ ಎರಡು ತಾಸು ಹೋಗಿ ಬರಬೇಕು. ಮಿಷನ್ನನ್ನು ದುರಗೇಶನೂ ಕಲಿಯಬೇಕು, ಒಬ್ಬರು ಎದ್ದಾಗ ಇನ್ನೊಬ್ಬರು ಕೂರಬೇಕು. ಮನೆ ಬಿಡಲಾಗದ ದಿನ ದಿಂಬಿನ ಗವಸು, ಅರಳೆ ಮನೆಗೇ ಕಳಿಸುವುದು. ಹಿಂದಿನ ಗೋದಾಮಿನ ಒಂದು ಖೋಲಿ ಖಾಲಿ ಮಾಡಿಸಿ ಎರಡು ಮಂಚ ಹಾಕಿಸಿದರು, ಬೇಕಾದವರು ಮುದುಕರನ್ನು ಕರೆತಂದು ಕಣ್ಣೆದುರೇ ಇಟ್ಟುಕೊಳ್ಳಲಿ ಎಂದು. ಇದಕ್ಕೆ ಕಾರಖಾನೆಯೇನೂ ಮುಳುಗಲಿಲ್ಲ. ಮದುವೆಯ ಗಾದಿಗಳು ಹೊತ್ತಿಗೆ ಸರಿಯಾಗಿ ಹೋದವು. ಇಷ್ಟು ಸಣ್ಣದನ್ನು ಮಾಡಲು ಒಂದು ವರ್ಷ ಬೇಕಾಯಿತಲ್ಲ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಏಕೆಂದರೆ ದಾದಾಪೀರನಿಗೆ ಎರಡು ತಾಸು ಸಿಕ್ಕಿತು, ಕಾಶೀಂಬಿಗೆ ಸಿಕ್ಕಲಿಲ್ಲ. ಮೊದಲ ದಿನ ಮಧ್ಯಾಹ್ನ ಅವನು ಓಡುತ್ತ ಮನೆಗೆ ಹೋಗಿ ಗಂಟು ಬಿಚ್ಚಿದ. ಅವಳು ಏಳಲಿಲ್ಲ. ಅಂಗಳಕ್ಕೆ ಬಾ ಎಂದರೂ ಬರಲಿಲ್ಲ. ಬಾಗಿಲು ಹಾರುಹೊಡೆದು ಬಿಟ್ಟರೂ ಹೊಸ್ತಿಲ ಕಡೆ ನೋಡಲಿಲ್ಲ. ಇನ್ನು ಕಟ್ಟುವ ಕಾರಣವೇ ಇರಲಿಲ್ಲ. ಅವಳಿಗೆ ಹೋಗಬೇಕಾದ ಊರೇ ಉಳಿದಿರಲಿಲ್ಲ.

ಬೆಳಿಗ್ಗೆ ಉಂಡದ್ದು ಮಧ್ಯಾಹ್ನ ನೆನಪಿಲ್ಲ, ಮಗನ ಹೆಸರು ಒಮ್ಮೊಮ್ಮೆ ನೆನಪಿಲ್ಲ. ಮುನ್ನಿ ಸತ್ತದ್ದು ಮಾತ್ರ ನೆನಪಿತ್ತು. ಪ್ರತಿ ಬೆಳಗು ಹೊಸದಾಗಿ ಅಳುತ್ತಿದ್ದಳು. ದಿನಾ ಸಾಯುವವರಿಗೆ ಅಳುವವರು ಇಲ್ಲವೆಂದವರು ಯಾರು? ದಾದಾಪೀರ ಅವಳನ್ನು ಕಾರಖಾನೆಯ ಖೋಲಿಗೆ ಕರೆತಂದ. ಅವಳ ಬೆರಳುಗಳು ತಾವಾಗಿಯೇ ಅರಳೆ ಬಿಡಿಸುತ್ತಿದ್ದವು. ಬಂದುಹೋದವರಿಗೆಲ್ಲ, "ನಮ್ಮ ಮುನ್ನಿ ಹೋದ್ಲಂತ. ನನ್ನ ಯಾರೂ ಮಣ್ಣಿಗೆ ಕರಕೊಂಡ ಹೋಗಲಿಲ್ಲ" ಎನ್ನುತ್ತಿದ್ದಳು. ಮೊದಮೊದಲು ಎಲ್ಲರೂ, ಇಲ್ಲಬೇ ಇದ್ದಾಳೆ ಎಂದರು. ಹಾಗೆಂದರೆ ಇನ್ನೂ ಹೆಚ್ಚು ಅಳುತ್ತಿದ್ದಳು. ಕೊನೆಗೆ, ಹೌದಬೇ, ಚಲೋ ಹೆಣಮಗಳು ಎನ್ನತೊಡಗಿದರು. ಕರೆಪ್ಪನವರು ಮಾತ್ರ ಆ ಖೋಲಿಯ ಬಾಗಿಲ ತನಕ ಬಂದು ಹಾಗೆಯೇ ತಿರುಗಿ ಹೋಗುತ್ತಿದ್ದರು.

ದಾದಾಪೀರ ಹೊಳೆಆಲೂರಿಗೆ ಫೋನು ಮಾಡಿ, ಚಿಕ್ಕಮ್ಮನ ಮಗ ರಿಯಾಜನಿಗೆ ಅಳುತ್ತ ಎಲ್ಲವನ್ನೂ ಹೇಳಿದ. ಮುನೀರಾ ಫೋನಿನಲ್ಲಿ "ಅಕ್ಕಾ" ಎಂದು ಕೂಗಿದಳು. ಕಾಶೀಂಬಿ ಫೋನನ್ನು ದೂರ ತಳ್ಳಿದಳು. "ಸತ್ತೋರು ಮಾತಾಡ್ತಾರೇನೋ ಹುಚ್ಚಾ" ಎಂದಳು.

ಮುನೀರಾಳಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ಕರೆಪ್ಪನವರು ತಮ್ಮ ಟೆಂಪೋದಲ್ಲಿ ಮೂರು ಗಾದಿ ಒಂದರ ಮೇಲೊಂದು ಹಾಸಿ ಕಳಿಸಿದರು. ಮುದುಕಿ ಅದರ ಮೇಲೆ ಮಲಗಿಕೊಂಡು ಬಂದಳು. ಮಡಿಲಲ್ಲಿ ಅಕ್ಕನಿಗೆಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ದಾದಾಪೀರ ಅವಳನ್ನು ಹಿಡಿದು ಕಾರಖಾನೆಯ ಖೋಲಿಯೊಳಗೆ ಕರೆತಂದ. ಎರಡು ವರ್ಷದ ಮೇಲೆ ಅಕ್ಕನನ್ನು ಕಂಡ ಮುನೀರಾ ಮಂಚದ ಮೇಲೆ ಕುಳಿತು ಎರಡೂ ಕೈಯಿಂದ ಅವಳ ಮುಖ ಹಿಡಿದಳು. "ಅಕ್ಕಾ, ನಾ ಬಂದೀನಿ ನೋಡ."

ಕಾಶೀಂಬಿ ದಿಟ್ಟಿಸಿ ನೋಡಿದಳು. "ಬಾರವ್ವ, ಕುಂಡ್ರು. ಯಾವೂರಾಕಿ?"

"ಹೊಳೆಆಲೂರಾಕಿ ಅಕ್ಕಾ. ಮುನ್ನಿ ನಾನು."

"ಹೊಳೆಆಲೂರೇನು?" ಕಾಶೀಂಬಿಯ ಕಣ್ಣು ತುಂಬಿದವು. ಕೊನೆಯ ಮಾತು ಅವಳಿಗೆ ಕೇಳಿಸಿರಲೇ ಇಲ್ಲ. "ನಮ್ಮ ಮುನ್ನಿ ಊರು. ಆಕಿ ಹೋದ್ಲವ್ವ. ನೀ ಮಣ್ಣಿನ ದಿನ ಇದ್ದೇನು?"

ದಾದಾಪೀರ ಏನೋ ಹೇಳಲು ಬಾಯಿ ತೆರೆದ. ಮುನೀರಾ ಅವನಿಗೆ ಕೈ ಅಡ್ಡ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇದ್ನಿ" ಎಂದಳು.

"ಮಂದಿ ಬಂದಿತ್ತೇನು?"

"ಊರಿಗೆ ಊರ ಬಂದಿತ್ತವ್ವ."

"ಚಲೋತ್ನಂಗ ಮೈ ತೊಳದ್ರೇನು? ಆಕೀಗೆ ತಣ್ಣೀರ ಆಗತಿರಲಿಲ್ಲ."

"ಬಿಸಿನೀರಲೇ ತೊಳದ್ರು."

ಕಾಶೀಂಬಿ ಹೆದರುತ್ತ ಕೇಳಿದಳು, "ನನ್ನ ನೆನಸಿದ್ಲೇನು?"

"ಕಡೀತನಕ ಅಕ್ಕಾ ಅಕ್ಕಾ ಅಂತಿದ್ಲು. ನಮ್ಮಕ್ಕಗ ಬರಾಕ ಆಗಲಿಲ್ಲ, ಆಕಿ ಮ್ಯಾಲ ನನಗ ಸಿಟ್ಟಿಲ್ಲ, ಹಂಗಂತ ಹೇಳ್ರಿ ಅಂದ್ಲು."

ಕಾಶೀಂಬಿ ದೊಡ್ಡ ಉಸಿರು ಬಿಟ್ಟಳು. ಸಜ್ಜೆರೊಟ್ಟಿ ಮುರಿದು ಬಾಯಿಗಿಟ್ಟರೆ ತಿಂದಳು. ಗುರುತಿಲ್ಲದ ಆ ಹೆಂಗಸಿನ ತೊಡೆಯ ಮೇಲೆ ತಲೆಯಿಟ್ಟು ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಹೋದಳು. ಬಾಗಿಲ ಹೊರಗೆ ನಿಂತಿದ್ದ ಕರೆಪ್ಪನವರು ಗೋಡೆಗೆ ಮುಖ ಮಾಡಿಕೊಂಡರು.

ಮುನೀರಾ ಊರಿಗೆ ಹೋಗಲಿಲ್ಲ, ಅಕ್ಕನನ್ನು ಖೋಲಿಯಿಂದ ಮನೆಗೆ ಕರೆದೊಯ್ದು ಅವಳ ಹತ್ತಿರವೇ ಉಳಿದಳು. ಕಾಶೀಂಬಿ ಅವಳನ್ನು ಹೊಳೆಆಲೂರಾಕಿ ಎಂದೇ ಕರೆದಳು. ದಿನವೂ ಅದೇ ಪ್ರಶ್ನೆ ಕೇಳಿದಳು, ದಿನವೂ ಮುನೀರಾ ತನ್ನ ಸಾವನ್ನು ಅಕ್ಕನಿಗೆ ಹೇಳಿದಳು. ಇಪ್ಪತ್ತಮೂರನೆಯ ದಿನ ಮಧ್ಯಾಹ್ನ, ದಾದಾಪೀರ ಗಂಜಿ ಕುಡಿಸುತ್ತಿದ್ದಾಗ, ಒಂದು ಗುಟುಕು ಒಳಗೆ ಹೋಯಿತು, ಎರಡನೆಯದು ಹೋಗಲಿಲ್ಲ. ಅವನು ಕಾರಖಾನೆಗೆ ಫೋನು ಹಚ್ಚಿದ. "ಸಾವಕಾರ್ರ…" ಎಂದ. ಮುಂದೆ ಮಾತು ಹೊರಡಲಿಲ್ಲ. ಎಷ್ಟು ಸಲ ಸರಾಗವಾಗಿ ಆಡಿದ್ದ ಮಾತು.

"ಬಂದ್ವಿ ತಮ್ಮಾ" ಎಂದರು ಕರೆಪ್ಪನವರು. ಮಿಷನ್ನು ನಿಂತಿತು, ಹನ್ನೊಂದು ಮಂದಿಯೂ ಬಂದರು. ಮುನೀರಾ ಅಕ್ಕನ ಮೈಯನ್ನು ಬಿಸಿನೀರಿನಲ್ಲಿ ತೊಳೆದಳು. ಕಾಲಿನ ಗಾಯ ಮಾಯ್ದಿತ್ತು, ಕಲೆ ಉಳಿದಿತ್ತು. ಕಬರಸ್ಥಾನದಲ್ಲಿ ಕರೆಪ್ಪನವರು ಮೂರು ಹಿಡಿ ಮಣ್ಣು ಹಾಕಿ, ಎಲ್ಲರೂ ಹೋದ ಮೇಲೂ ನಿಂತೇ ಇದ್ದರು.

ಜಿಯಾರತ ಮುಗಿದ ಮೇಲೆ ಮುನೀರಾ ಊರಿಗೆ ಹೊರಟಳು. ಟೆಂಪೋ ಬೇಡ, ಬಸ್ಸಿಗೇ ಹೋಗುತ್ತೇನೆ ಎಂದಳು. ದಾದಾಪೀರ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆತಂದು, ಅವ್ವ ಕೂರುತ್ತಿದ್ದ ಕಲ್ಲುಕಟ್ಟೆಯ ಮೇಲೆ ಕೂರಿಸಿದ. ತಾನು ಕೆಳಗೆ ಕುಳಿತು ಅವಳ ಕಾಲು ಹಿಡಿದುಕೊಂಡ.

"ನನ್ನ ಮಾಫ್ ಮಾಡ ಚಿಗವ್ವ. ಒಂದ ರಜಾದ ಸಲುವಾಗಿ ನಿನ್ನ ಕೊಂದ್ನಿ."

ಮುನೀರಾ ಅವನ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ಮ್ಯಾಲ ಏನೂ ಇಲ್ಲಪಾ. ನಾ ಸತ್ರ ನಮ್ಮಕ್ಕ ಹ್ಯಾಂಗ ಅಳ್ತಾಳಂತ ಕಣ್ಣಾರೆ ನೋಡಿದ್ನಿ, ಅದು ಯಾರಿಗೆ ಸಿಗತೈತಿ? ಆದ್ರ ಬಾಜೂಕ ಕುಂತು ಇಪ್ಪತ್ತಮೂರ ದಿನ ತುತ್ತ ತಿನ್ನಿಸಿದ್ನೆಲ್ಲೋ ದಾದಾ. ಒಂದ ಸಲ ಮುನ್ನೀ ಅನ್ನಲಿಲ್ಲ ಆಕಿ."

ಹೊಳೆಆಲೂರಿನ ಬಸ್ಸು ಬಂತು. ದಾದಾಪೀರ ಅವಳನ್ನು ಎತ್ತಿ ಹತ್ತಿಸಿ, ಕಿಟಕಿಯ ಹತ್ತಿರ ಕೂರಿಸಿ ಇಳಿದ. ಬಸ್ಸು ಹೋದ ಮೇಲೆ ಬಂದು ಆ ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿದ್ದವರು ಯಾವ ಬಸ್ಸಿಗೆ ಎಂದು ಕೇಳಿದರು. ಯಾವುದಕ್ಕೂ ಇಲ್ಲ ಎಂದ.